ಒಂದೇ ಊರಿನ ಎರಡು ಶಾಲೆಗಳು

ಎರಡು ಪಾಠಶಾಲೆಗಳನ್ನು ಹೋಲಿಸುವಾಗ ನಾವು ಸಾಮಾನ್ಯವಾಗಿ ನೋಡುವುದೇನು? ಕಟ್ಟಡವನ್ನು, ಪಠ್ಯಕ್ರಮವನ್ನು, ಉಪಾಧ್ಯಾಯರ ಯೋಗ್ಯತೆಯನ್ನು. ಇಷ್ಟರಿಂದಲೇ ತೀರ್ಮಾನಕ್ಕೆ ಬರಬಹುದೆ? ಅಮೆರಿಕಾ ದೇಶದ ಕ್ಯಾನ್ಸಸ್ ಸಂಸ್ಥಾನದ ಟೊಪೀಕಾ ನಗರದಲ್ಲಿ ಹುಟ್ಟಿದ ವ್ಯಾಜ್ಯವೊಂದು ಇದಕ್ಕೆ ಉತ್ತರವಿತ್ತಿದೆ.

ಅಲ್ಲಿನ ಸಾರ್ವಜನಿಕ ಪ್ರಾಥಮಿಕ ಶಾಲೆಗಳಲ್ಲಿ ಸಮ್ನರ್ ಎಂಬುದು ಬಿಳಿಯರ ಮಕ್ಕಳಿಗೆ, ಮನ್ರೋ ಎಂಬುದು ಕರಿಯರ ಮಕ್ಕಳಿಗೆ ಮೀಸಲಾಗಿತ್ತು. ಲಿಂಡಾ ಬ್ರೌನ್ ಎಂಬ ಬಾಲಿಕೆಯ ಮನೆಗೆ ಸಮ್ನರ್ ಶಾಲೆಯು ಕೆಲವೇ ಬೀದಿಗಳ ದೂರ. ೧೯೫೦ರಲ್ಲಿ ತಂದೆಯಾದ ಆಲಿವರ್ ಬ್ರೌನರು ಅವಳನ್ನು ಅಲ್ಲಿಗೆ ಕರೆದೊಯ್ದರು; ಶಾಲೆಯವರು ಸೇರಿಸಿಕೊಳ್ಳಲಿಲ್ಲ. ರೈಲ್ವೆ ಕಂಬಿಗಳ ನಡುವೆ ನಡೆದು, ಬಸ್ಸನ್ನು ಹಿಡಿದು, ಸುಮಾರು ಒಂದು ಮೈಲಿಯಾಚೆಯ ಮನ್ರೋ ಶಾಲೆಗೇ ಅವಳು ಹೋಗಬೇಕಾಯಿತು. ೧೯೫೧ರಲ್ಲಿ ಬ್ರೌನರು ಇತರ ೧೨ ಮಂದಿ ಪೋಷಕರೊಡನೆ ನ್ಯಾಯಸ್ಥಾನದ ಮೊರೆಹೊಕ್ಕರು.

ಕೆಳಗಿನ ನ್ಯಾಯಾಧೀಶರು ಕಟ್ಟಡ, ಪಠ್ಯಕ್ರಮ, ಉಪಾಧ್ಯಾಯರು ಈ ಮೂರರಲ್ಲಿಯೂ ಎರಡು ಬಗೆಯ ಶಾಲೆಗಳು ಹೆಚ್ಚುಕಡಿಮೆ ಸಮಾನವೆಂದು ಕಂಡರು. ಮನ್ರೋ ಶಾಲೆಯೂ ೧೯೨೬ರಲ್ಲಿ ಕಟ್ಟಿದ ಭದ್ರವಾದ ಇಟ್ಟಿಗೆಯ ಕಟ್ಟಡವೇ. ವಾದಿಗಳು ಸೋತರು. ಆದರೆ ಬೇರ್ಪಡಿಸುವುದರಿಂದ ಕರಿಯ ಮಕ್ಕಳಲ್ಲಿ ತಾವು ಕೀಳೆಂಬ ಭಾವನೆ ಹುಟ್ಟಿ, ಕಲಿಯುವ ಉತ್ಸಾಹವು ಕುಂದುವುದೆಂಬುದನ್ನು ಅದೇ ನ್ಯಾಯಾಧೀಶರು ಒಪ್ಪಿದ್ದರು. ೧೯೫೪ನೆಯ ಮೇ ೧೭ರಂದು ಸರ್ವೋಚ್ಚ ನ್ಯಾಯಾಲಯವು ಈ ಮಾತನ್ನೇ ಹಿಡಿದು, ಬೇರ್ಪಡಿಸಿದ ಶಾಲೆಗಳು ಸ್ವಭಾವತಃ ಅಸಮಾನವೆಂದು ಏಕಾಭಿಪ್ರಾಯದಿಂದ ತೀರ್ಪಿತ್ತಿತು.

ಮಹಾಶಯರೇ, ಶಾಲೆಯನ್ನು ಅಳೆಯುವವರು ಅದರೊಳಗೆ ಏನೇನಿದೆಯೆಂದು ಎಣಿಸಿದರೆ ಸಾಲದು. ಅದರ ಬಾಗಿಲಿನಿಂದ ಯಾವ ಮಗು ಹಿಂದಿರುಗಿತೆಂಬುದನ್ನೂ ವಿಚಾರಿಸಬೇಕು.