ನೊಂದ ನಾಯಿಕೆಯರು

ವಿರಾಜಪೇಟೆಯ ಗೃಹಸ್ಥರೊಬ್ಬರು ಒಂದು ಸಂಜೆ ನಮ್ಮಲ್ಲಿಗೆ ಬಂದು, ತ್ರಿವೇಣಿಯವರ 'ಶರಪಂಜರ'ವನ್ನು ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಇದನ್ನೋದಿ ನನ್ನ ಮಗಳು ಎರಡು ದಿನದಿಂದ ಮಂಕಾಗಿದ್ದಾಳೆ. ಬುದ್ಧಿ ಕೆಟ್ಟವಳ ಕಥೆಯನ್ನು ಪ್ರಾಯದ ಹುಡುಗಿ ಓದಬೇಕೆ?" ಎಂದು ಕೇಳಿದರು. ಕೇಳಿದವರು ತಂದೆ, ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ.

ಶ್ರೋತೃಗಳೇ, ನೊಂದ ತರುಣಿಯರು ನಮ್ಮ ಕಾದಂಬರಿಗೆ ಹೊಸಬರಲ್ಲ. 1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯ ನಾಯಿಕೆ ಎಳೆಯ ವಿಧವೆ. ಅವಳು ತವರನ್ನು ಬಿಟ್ಟು, ಸಜ್ಜನರ ಆಶ್ರಯದಲ್ಲಿ ವಿದ್ಯೆ ಕಲಿತು, ಪುನರ್ವಿವಾಹವಾಗುತ್ತಾಳೆ. ಅಲ್ಲಿ ಕೇಡು ಕಣ್ಣಿಗೆ ಕಾಣುವಂಥದು. ಮನೆಯ ಹೊಸ್ತಿಲು ದಾಟಿದರೆ ಬಿಡುಗಡೆಯುಂಟು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರು ಕಾದಂಬರಿ ಬರೆಯಲಿಲ್ಲ. ಆದರೆ ಹೆಣ್ಣಿನ ನೋವನ್ನು ಹೆಣ್ಣೇ ಹೇಳುವ ದಾರಿಯನ್ನು ತಮ್ಮ ಸಣ್ಣ ಕಥೆಗಳಲ್ಲಿ ತೋರಿದರು.

ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರು ಇನ್ನೂ ಒಳಕ್ಕೆ ಹೋದರು. ಅವರ ಕಾವೇರಿಗೆ ಬಾಣಂತಿತನದಲ್ಲಿ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಆದರೆ ಮನೆಯಲ್ಲಿ ಅವಳನ್ನು ಕಾದಿರುವುದು ಸಂಶಯ. ನೆರೆಹೊರೆಯವರು ಅಂಜುತ್ತಾರೆ, ಗಂಡನೂ ದೂರವಾಗುತ್ತಾನೆ. ಕಡೆಗೆ ಅವಳ ಮನಸ್ಸು ಮತ್ತೆ ಮುರಿಯುತ್ತದೆ. ಮೊದಲ ಕಾಯಿಲೆಯನ್ನು ವೈದ್ಯರು ಕಳೆದರು. ಎರಡನೆಯದನ್ನು ಮನೆಯವರು ತಂದರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಲಚ್ಚಿತ್ರವಾಗಿಸಿದ ಮೇಲೆ, ಓದದವರೂ ಕಾವೇರಿಯನ್ನು ಅರಿತರು.

ಇಂಥ ಕಾದಂಬರಿಗಳೆಲ್ಲವನ್ನೂ ನಾವು ಮೆಚ್ಚುವುದಿಲ್ಲ. ಕಷ್ಟದ ಮೇಲೆ ಕಷ್ಟ ಹೇರಿ, ಕೊನೆಯ ಅಧ್ಯಾಯದಲ್ಲಿ ನಾಯಿಕೆಯನ್ನು ಕೊಂದು, ನಮ್ಮ ಕಣ್ಣೀರನ್ನು ಸುಲಭವಾಗಿ ಪಡೆಯುವವು ಬಹಳವಿವೆ. ಅತ್ತ ಮೇಲೆ ಮನಸ್ಸು ಹಗುರವಾಗುತ್ತದೆ, ಅಷ್ಟೆ. ಒಳ್ಳೆಯ ಕಾದಂಬರಿ ಹಾಗೆ ಹಗುರಾಗಲು ಬಿಡದು. 'ಅವಳಿಗೇನಾಯಿತು?' ಎಂದು ಓದತೊಡಗಿದ ನಾವು, 'ಅವಳಿಗೆ ನಾವೇನು ಮಾಡಿದೆವು?' ಎಂದು ಪುಸ್ತಕ ಮುಚ್ಚಬೇಕು.

ಆ ಗೃಹಸ್ಥರಿಗೆ ನಾವು, "ಮಗಳು ಓದಿಯಾಯಿತು, ಇನ್ನು ತಾವು ಓದಿ ನೋಡಿ" ಎಂದು ಪುಸ್ತಕವನ್ನು ಹಿಂದಕ್ಕೆ ಕೊಟ್ಟೆವು. ತಿಂಗಳ ಮೇಲೆ ಅವರು ಮತ್ತೆ ಬಂದರು. ಕಾದಂಬರಿಯ ಮಾತೆತ್ತಲಿಲ್ಲ. ಬಹಳ ಹೊತ್ತಿನ ಮೇಲೆ, "ನನ್ನ ತಂಗಿ ಆಸ್ಪತ್ರೆಯಿಂದ ಬಂದು ನಾಲ್ಕು ವರ್ಷವಾಯಿತು. ಇಂದಿಗೂ ನಮ್ಮ ಮನೆಯಲ್ಲಿ ಅವಳ ಕೈಗೆ ಮಗುವನ್ನು ಕೊಡುವುದಿಲ್ಲ" ಎಂದರು. ಅವರ ಮಗಳು ಏಕೆ ಮಂಕಾಗಿದ್ದಳೆಂಬುದು ನಮಗೆ ಆಗ ತಿಳಿಯಿತು.

ಇಂಥ ಪುಸ್ತಕಗಳನ್ನು ಹುಡುಗಿಯರ ಕೈಯಿಂದ ಕಿತ್ತುಕೊಳ್ಳುವ ಮೊದಲು ಹಿರಿಯರು ಒಮ್ಮೆ ಓದುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.