ಕ್ಯಾಸಲ್‌ರಾಕ್: ಗಡಿ ಅಳಿದ ಮೇಲೆ ಉಳಿದ ಊರು



ದೂಧಸಾಗರ ನೋಡಲು ಹೋಗುವವರಿಗೆ ಕ್ಯಾಸಲ್‌ರಾಕ್ ಎಂದರೆ ಮಳೆಗಾಲದ ಮಂಜಿನಲ್ಲಿ ರೈಲು ಒಂದಿಷ್ಟು ಹೊತ್ತು ನಿಲ್ಲುವ ನಿಲ್ದಾಣ. ಆದರೆ ಜೊಯಿಡಾ ತಾಲ್ಲೂಕಿನ ಈ ಪುಟ್ಟ ಊರು ಒಂದು ಕಾಲಕ್ಕೆ ಎರಡು ಸಾಮ್ರಾಜ್ಯಗಳ ನಡುವಿನ ಬಾಗಿಲಾಗಿತ್ತು.

1878ರಲ್ಲಿ ಬ್ರಿಟಿಷರು ಮತ್ತು ಪೋರ್ಚುಗೀಸರು ಒಪ್ಪಂದ ಮಾಡಿಕೊಂಡರು. ಅದರ ಫಲವಾಗಿ ಮಾರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬಂದ ಮೀಟರ್‌ಗೇಜ್ ಹಳಿ 1888ರಲ್ಲಿ ಇಲ್ಲಿಗೆ ತಲುಪಿ, ಬ್ರಿಟಿಷ್ ಭಾರತದ ರೈಲುಮಾರ್ಗವನ್ನು ಕೂಡಿತು. ಇಲ್ಲಿಂದ ಕುಳೆಂವರೆಗಿನ ಸುಮಾರು 26 ಕಿಲೋಮೀಟರ್ ಘಟ್ಟದಲ್ಲಿ 37 ಅಡಿಗೆ ಒಂದು ಅಡಿಯ ಏರು. ಗಾಡಿಗೆ ಹೆಚ್ಚುವರಿ ಎಂಜಿನ್ ಜೋಡಿಸದೆ ಗತಿಯಿಲ್ಲ.

ಕುಣಬಿಗಳ, ಗೌಳಿಗಳ ಈ ಕಾಡಿಗೆ ರೈಲಿನ ಬೆನ್ನಿಗೇ ಹೊರಗಿನವರು ಬಂದರು: ಹಳಿ ಕಾಯುವ ಗ್ಯಾಂಗ್‌ಮನ್‌ಗಳು, ಎಂಜಿನ್ ಚಾಲಕರು, ಸುಂಕದ ಅಧಿಕಾರಿಗಳು, ಗೋವೆಯ ಕ್ರೈಸ್ತರು. ಸುತ್ತಲಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಅಗೆಯತೊಡಗಿದಾಗ ಗಣಿಯ ಕೂಲಿಗಳೂ ಸೇರಿದರು. ಕಲ್ಲಿದ್ದಲು ಮಾತ್ರ ಇಲ್ಲಿಯದಲ್ಲ. ಉಗಿ ಎಂಜಿನ್‌ಗಳ ಹೊಟ್ಟೆಗೆಂದು ಬಂದದ್ದು.

1955ರಲ್ಲಿ ಗೋವಾ ವಿಮೋಚನಾ ಚಳವಳಿ ಕಾವೇರಿ, ಗಡಿಯ ರೈಲು ಸಂಚಾರ ನಿಂತಿತು. 1961ರ ಡಿಸೆಂಬರ್ 19ರಂದು ಗೋವಾ ಸ್ವತಂತ್ರವಾದಾಗ ಸುಂಕದ ಕಟ್ಟೆಯ ಅಗತ್ಯವೇ ಉಳಿಯಲಿಲ್ಲ. ಅದು ದೇಶಕ್ಕೆ ಹಬ್ಬ. ಆದರೆ ಗಡಿಯನ್ನೇ ನಂಬಿ ಬೆಳೆದ ಊರಿನ ಕೈಯಿಂದ ಕೆಲಸ ಜಾರಿತು. ಮುಂದೆ ಗಣಿಗಳು ಮುಚ್ಚಿದವು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂದು ಹಳೆಯ ಹಳಿಯೂ ಹೋಯಿತು.

ಈ ಘಟ್ಟದ ಜೋಡಿಮಾರ್ಗಕ್ಕೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ರದ್ದುಪಡಿಸಿತು. ಕಾಡಿನ ಪರವಾಗಿ ವಾದಿಸುವವರಿದ್ದಾರೆ, ಸರಕು ಸಾಗಣೆಯ ಪರವಾಗಿಯೂ ಇದ್ದಾರೆ. ಊರಿನ ನೆನಪಿನ ಪರವಾಗಿಯೂ ಯಾರಾದರೂ ನಿಲ್ಲಬೇಕಲ್ಲವೇ?

ಸೂಪಾ ಪಟ್ಟಣ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದನ್ನು ಕಂಡ ತಾಲ್ಲೂಕು ಇದು. ಕ್ಯಾಸಲ್‌ರಾಕ್ ಹಾಗೆ ಒಮ್ಮೆಗೇ ಮುಳುಗುವುದಿಲ್ಲ. ಒಂದೊಂದೇ ಮನೆಗೆ ಬೀಗ ಬಿದ್ದು ಮರೆಯಾಗುತ್ತದೆ.

ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆದಿದೆ. ಹಳೆಯ ಎಂಜಿನ್ ಉಳಿಸಲು ಅಂಥ ಜಾಗ ಸಾಕು. ಆದರೆ ಅದಕ್ಕೆ ಕಲ್ಲಿದ್ದಲು ತುಂಬಿದವನ ಮಾತನ್ನು ಉಳಿಸಲು ಯಾರಾದರೂ ಅವನ ಮನೆಯ ಜಗುಲಿಯಲ್ಲಿ ಕೂತು ಬರೆದುಕೊಳ್ಳಬೇಕು. ಪೆಟ್ಟಿಗೆಯೊಳಗಿನ ಸೇವಾ ಪುಸ್ತಕ, ಹಳೆಯ ಫೋಟೊ, ಚರ್ಚಿನ ದಾಖಲೆಗಳ ಪ್ರತಿ ತೆಗೆಯಬೇಕು. ಇದಕ್ಕೆ ದೊಡ್ಡ ಅನುದಾನ ಬೇಡ. ಒಂದು ನೋಟ್‌ಬುಕ್ಕು, ಒಂದಿಷ್ಟು ತಾಳ್ಮೆ ಸಾಕು. ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು.