ಶಾಲೆಯ ಗಣಕಯಂತ್ರಕ್ಕೆ ಮೌಸ್ ಆರಿಸುವಾಗ



ಮಿರಜದ ಕುಶಲಕರ್ಮಿಗಳು ಪುರುಷರ ಕಂಠಕ್ಕೆ ದೊಡ್ಡ ತಂಬೂರಿಯನ್ನೂ ಸ್ತ್ರೀಯರ ಕಂಠಕ್ಕೆ ಚಿಕ್ಕ ತಂಬೂರಿಯನ್ನೂ ಬೇರೆಬೇರೆಯಾಗಿ ಸಿದ್ಧಪಡಿಸುವುದನ್ನು ನೀವು ಬಲ್ಲಿರಿ. ಆದರೆ ಅದೇ ಪೇಟೆಗೆ ಶಾಲೆಯ ಗಣಕಯಂತ್ರಕ್ಕಾಗಿ ಮೌಸ್ ತರಲು ಹೋದ ನಾವು, ನಮ್ಮ ಅಂಗೈಗೆ ಹಿತವಾದುದನ್ನೇ ಕೊಂಡು ತರುತ್ತೇವೆ. ಅದನ್ನು ಹಿಡಿಯಬೇಕಾದವರು ಮೂರನೆಯ ಇಯತ್ತೆಯ ಮಕ್ಕಳು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ತರಗತಿಯ ಹುಡುಗಿಯೊಬ್ಬಳು ಎರಡು ಸಲ ಒತ್ತಿ ಕಡತ ತೆರೆಯಲು ಹೋದಾಗಲೆಲ್ಲ ಅದು ಪರದೆಯ ಮೇಲೆ ಜರುಗುತ್ತಿತ್ತು. "ನನ್ನ ಕೈಗೆ ಇದು ಬರೂದಿಲ್ರೀ ಸರ್" ಎಂದು ಅವಳು ಹಿಂದಿನ ಸಾಲಿಗೆ ಹೋಗಿ ಕುಳಿತಳು. ಅವಳಿಗೆ ಬುದ್ಧಿ ಸಾಲದೆಂದು ನಾನು ವಾರಗಟ್ಟಲೆ ಭಾವಿಸಿದ್ದೆ. ಕಾರಣ ಬೇರೆಯೇ ಇತ್ತು. ಮೌಸ್ ದೊಡ್ಡದು, ಬಲಗೈಗೆಂದೇ ಬಾಗಿದ್ದು, ಹುಡುಗಿ ಎಡಗೈಯವಳು. ಬೆರಳು ಗುಂಡಿಗೆ ಎಟುಕದೆ ಇಡೀ ಕೈಯಿಂದ ಒತ್ತುವಾಗ, ಒಂದು ಒತ್ತಿಗೂ ಮತ್ತೊಂದಕ್ಕೂ ನಡುವೆ ಮೌಸ್ ಸರಿಯುತ್ತಿತ್ತು.

ಆದ್ದರಿಂದ ಎರಡೂ ಬದಿ ಸಮವಾಗಿರುವ, ಚಿಕ್ಕದಾದ, ಹಗುರವಾದ ಮೌಸನ್ನೇ ಆರಿಸಬೇಕು. ಎಡಗೈಯ ಮಕ್ಕಳಿಗಾಗಿ ಗುಂಡಿಗಳನ್ನು ಅದಲುಬದಲು ಮಾಡುವ ಅವಕಾಶ ವಿಂಡೋಸ್‌ನಲ್ಲಿಯೇ ಇದೆ. ಮುಂದಿನ ಮಗುವಿಗೆ ಅದನ್ನು ಮೊದಲಿನಂತೆ ಮಾಡಿಡುವ ನೆನಪು ಮಾತ್ರ ಬೇಕು. ಎರಡು ಒತ್ತುಗಳ ನಡುವಿನ ಅವಧಿಯನ್ನೂ ಅಲ್ಲಿಯೇ ಹೆಚ್ಚಿಸಬಹುದು. ಪಕ್ಕದಲ್ಲಿ ಹೆಚ್ಚುವರಿ ಗುಂಡಿಗಳಿರುವ ಮೌಸ್ ಬೇಡ. ಹೆಬ್ಬೆರಳು ತಾಗಿದೊಡನೆ ಓದುತ್ತಿದ್ದ ಪುಟ ಹಿಂದಕ್ಕೆ ಹೋಗುತ್ತದೆ. 1964ರಲ್ಲಿ ಎಂಗೆಲ್‌ಬಾರ್ಟ್ ಅವರ ಪ್ರಯೋಗಾಲಯದಲ್ಲಿ ಸಿದ್ಧವಾದ ಮೊದಲ ಮೌಸ್ ಒಂದೇ ಗುಂಡಿಯ ಮರದ ತುಂಡಾಗಿತ್ತು. ಮಕ್ಕಳ ಕೆಲಸ ಇಂದಿಗೂ ಬಹುಮಟ್ಟಿಗೆ ಆ ಒಂದು ಗುಂಡಿಯದೇ.

ತಂತಿರಹಿತ ಮೌಸ್ ನೋಡಲು ಅಂದ. ಆದರೆ ಅದರ ಬ್ಯಾಟರಿ ಪಾಠದ ನಡುವೆ ಮುಗಿಯುತ್ತದೆ. ಯಂತ್ರಕ್ಕೆ ಸಿಕ್ಕಿಸುವ ಉಗುರಿನಷ್ಟು ತುಣುಕು ಕಳೆದರೆ ಮೌಸ್ ನಿರುಪಯೋಗಿ. ತಂತಿಯದೇ ಇರಲಿ. ಡಿಪಿಐ ಸಂಖ್ಯೆ 1000ದ ಆಸುಪಾಸು ಇದ್ದರೆ ಸಾಕು. ಅದಕ್ಕಿಂತ ಬಹಳ ದೊಡ್ಡ ಸಂಖ್ಯೆಗಳು ಆಟದ ಹವ್ಯಾಸಿಗಳಿಗೆ.

ಹೊರಡುವ ಮುನ್ನ ಯಂತ್ರದ ಹಿಂಬದಿಯನ್ನು ನೋಡಿರಿ. ಹಳೆಯ ಯಂತ್ರಗಳಲ್ಲಿ ಮೌಸಿನ ಕಿಂಡಿ ದುಂಡಗಿರುತ್ತದೆ, ಹೊಸದರಲ್ಲಿ ಚಪ್ಪಟೆಯಾದ ಯುಎಸ್‌ಬಿ. ಜತ್ತ ತಾಲೂಕಿನ ಹಳ್ಳಿಯಿಂದ ಬಂದವರು ತಪ್ಪು ತಂದರೆ ಮತ್ತೊಂದು ದಿನ ಹೋದಂತೆಯೇ. ಶಾಲೆಯ ಮೇಜಿಗೆ ಗಾಜು ಹಾಸಿದ್ದರೆ ಬೆಳಕಿನ ಮೌಸ್ ತಡವರಿಸುತ್ತದೆ. ವಹಿಯ ಒಂದು ಹಾಳೆಯನ್ನು ಕೆಳಗಿಟ್ಟರಾಯಿತು, ಪ್ಯಾಡಿಗೆ ಹಣ ಬೇಕಿಲ್ಲ.

ನಾನೀಗ ಮಗುವೊಂದರ ಅಂಗೈಯನ್ನು ಕಾಗದದ ಮೇಲಿರಿಸಿ, ಸುತ್ತಲೂ ಗೆರೆ ಎಳೆದು, ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಪೇಟೆಗೆ ಹೋಗುತ್ತೇನೆ. ಅಂಗಡಿಯವರು ಮೊದಲು ನಕ್ಕರು. ಆಮೇಲೆ ಒಳಗಿನಿಂದ ಚಿಕ್ಕವನ್ನು ತಂದು, ಒಂದೊಂದಾಗಿ ಆ ಕಾಗದದ ಮೇಲಿಟ್ಟು ತೋರಿಸಿದರು.